ಎರೆಮಣ್ಣಿನ ಸೈಟಿನಲ್ಲಿ ಹೊಸ ಹಿತ್ತಲು: ಗಿಡಕ್ಕಿಂತ ಮೊದಲು ನೀರಿಗೆ ದಾರಿ

ಪ್ರಶ್ನೆ: ಹುಬ್ಬಳ್ಳಿಯ ಕುಸುಗಲ್ ರಸ್ತೆ ಕಡೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ, ಸಂಕ್ರಾಂತಿ ಮುಗಿಸಿಕೊಂಡು ಬಂದು ಸೇರಿದ್ದೇವೆ. ಸೈಟು 50×80 ಅಡಿ, ಪೂರ್ವಕ್ಕೆ ಮುಖ. ಮನೆ 30×45, ಸದ್ಯಕ್ಕೆ ಒಂದೇ ಅಂತಸ್ತು. ಮುಂದೆ 10 ಅಡಿ, ಹಿಂದೆ ಪಶ್ಚಿಮಕ್ಕೆ 25, ದಕ್ಷಿಣಕ್ಕೆ 14, ಉತ್ತರಕ್ಕೆ 6 ಅಡಿ ಜಾಗ ಉಳಿದಿದೆ. ಕೆಳಗೆ ಎರೆಮಣ್ಣು, ಮೇಲೆ ಅಲ್ಲಲ್ಲಿ ಗರಸು (ಹರಳು ಬೆರೆತ ಗಟ್ಟಿ ಮಣ್ಣು) ಹಾಕಿದ್ದಾರೆ. ಇಟ್ಟಂಗಿ ಚೂರು, ಸಿಮೆಂಟು ಎಲ್ಲ ಬಿದ್ದುಕೊಂಡಿದೆ. ವಾಯವ್ಯ ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕು, ಈಶಾನ್ಯದಲ್ಲಿ ಬೋರು. ನಳದ ನೀರು ವಾರಕ್ಕೊಮ್ಮೆ, ಬೋರಿನ ನೀರು ಗಡಸು. ತೆಂಗು, ಮಾವು, ನಿಂಬೆ, ಕರಿಬೇವು, ಮಲ್ಲಿಗೆ, ಮನೆ ಮಟ್ಟಿಗೆ ಕಾಯಿಪಲ್ಲೆ ಬೇಕು. ಮುಂದೆ ಸ್ವಲ್ಪ ಲಾನ್ ಮಾಡುವ ಆಸೆಯೂ ಇದೆ. ನರ್ಸರಿಯವರು "ಈಗ ಹಚ್ಚರಿ, ನೀರು ಹಾಕಿದ್ರ ಹತ್ತತಾವ" ಅನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಈಗ ಹಚ್ಚಬೇಡಿ. ನರ್ಸರಿಯವರು ಹೇಳಿದ ಹಾಗೆ ನೀರು ಹಾಕಿದರೆ ಗಿಡ ಹತ್ತುವುದೇನೋ ನಿಜ. ಆದರೆ ಫೆಬ್ರುವರಿಯಲ್ಲಿ ಹಚ್ಚಿದ ಸಸಿಗೆ ಬೇರು ಬಿಡುವ ಮೊದಲೇ ಬಿಸಿಲು ಏರುತ್ತದೆ. ಎರೆ ಒಣಗಿ ಬಿರಿದಾಗ ಎಳೆ ಬೇರು ಹರಿಯುತ್ತದೆ. ನಾಲ್ಕು ತಿಂಗಳು ಕೊಡ ಹೊತ್ತು ಉಳಿಸಿಕೊಂಡ ಮೇಲೆ ಜೂನ್ ಮಳೆಗೆ ಅದೇ ಗುಂಡಿಯಲ್ಲಿ ನೀರು ನಿಂತು ಗಿಡ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಬದುಕಿದ ಸಸಿ ಮಳೆಗಾಲದಲ್ಲಿ ಸಾಯುವುದು ನಮ್ಮ ಎರೆ ನೆಲದ ಹೊಸ ಹಿತ್ತಲುಗಳಲ್ಲಿ ಮಾಮೂಲು. ಕಾರಣ ನೀರು ಕಡಿಮೆಯಾಗಿದ್ದಲ್ಲ, ಹೊರಗೆ ಹೋಗಲು ದಾರಿ ಇಲ್ಲದ್ದು.

ಹಾಗಾಗಿ ಜನವರಿಯಿಂದ ಮೇ ತನಕ ಮಣ್ಣು ಮತ್ತು ನೀರಿನ ಕೆಲಸ ಮಾಡಿ. ಹಣ್ಣಿನ ಗಿಡ ಮೃಗಶಿರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಎರಡನೇ ವಾರದ ನಂತರ. ಕಾಯಿಪಲ್ಲೆಯ ನಿಜವಾದ ಹಂಗಾಮು ಸೆಪ್ಟೆಂಬರ್‌ನಿಂದ. ಅಲ್ಲಿಯತನಕ ಕೈ ಸುಮ್ಮನಿರದಿದ್ದರೆ ನಾಲ್ಕು ಕುಂಡಗಳಲ್ಲಿ ಕೊತ್ತಂಬರಿ, ಮೆಂತ್ಯ ಬಿತ್ತಿಕೊಳ್ಳಿ.

ಮೊದಲು ಅಗೆದು ನೋಡಿ

ಒಂದು ಗ್ರಾಫ್ ಹಾಳೆ ತಗೊಂಡು, ಚೌಕಕ್ಕೆ ಒಂದಡಿಯಂತೆ ಸೈಟು ಬರೆಯಿರಿ. ಸೆಪ್ಟಿಕ್ ಟ್ಯಾಂಕು, ಅದರ ಪೈಪು, ಬೋರು, ನೆಲದೊಳಗಿನ ಕೇಬಲ್ಲು, ತಾರಸಿಯ ನೀರು ಇಳಿಯುವ ಪೈಪುಗಳು, ಬಚ್ಚಲ ನೀರು ಹೊರಬೀಳುವ ಜಾಗ ಎಲ್ಲ ಗುರುತಿಸಿ. ಪೈಪು ಎಲ್ಲಿ ಹೋಗಿದೆ ಎಂದು ಗೌಂಡಿಗೆ ನೆನಪಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆರು ತಿಂಗಳಾದರೆ ಅವರಿಗೂ ಮರೆಯುತ್ತದೆ, ನಿಮ್ಮ ಗುದ್ದಲಿಗೇ ಸಿಗುತ್ತದೆ.

ಆಮೇಲೆ ಹಿಂದೆ ಮೂರು, ದಕ್ಷಿಣಕ್ಕೆ ಎರಡು, ಮುಂದೆ ಒಂದು ಕಡೆ ಎರಡಡಿ ಆಳದ ಕುಣಿ ತೋಡಿ ಪದರ ನೋಡಿ. ಹೊಸ ಲೇಔಟುಗಳಲ್ಲಿ ಸಾಮಾನ್ಯವಾಗಿ ಮೇಲೆ ಅರ್ಧ ಅಡಿಯಿಂದ ಒಂದಡಿ ಗರಸು, ಅದರ ಮೇಲೆ ಲಾರಿ, ಮಿಕ್ಸರ್ ಓಡಾಡಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಈ ಗರಸಿನಲ್ಲಿ ಗಿಡಕ್ಕೆ ಬೇಕಾದ ಸತ್ವ ಇರುವುದಿಲ್ಲ, ಬೇರೂ ಇಳಿಯುವುದಿಲ್ಲ. ಗಿಡ ಬರುವ ಕಡೆ ಇದನ್ನು ಪಿಕಾಸಿಯಿಂದ ಎಬ್ಬಿಸಿ ತೆಗೆದು, ಓಡಾಡುವ ದಾರಿಗೆ ಹಾಕಿಕೊಳ್ಳಿ. ಎರೆಯಲ್ಲಿ ಮಳೆಗಾಲದ ನಡಿಗೆಗೆ ಗರಸಿಗಿಂತ ಒಳ್ಳೆಯದಿಲ್ಲ.

ಸಿಮೆಂಟು ಕಲಸಿದ ಜಾಗ ಎಲ್ಲಿತ್ತು ಎಂಬುದನ್ನೂ ಹುಡುಕಿ. ಅಲ್ಲಿ ಮೂರು ನಾಲ್ಕು ಇಂಚು ದಪ್ಪದ ಬೂದು ಬಣ್ಣದ ಹೆಪ್ಪು ಸಿಗುತ್ತದೆ. ಅದನ್ನು ಪೂರ್ತಿ ಕಿತ್ತು ಸಾಗಿಸಿ. ಎರೆಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ, ಅದರ ಮೇಲೆ ಸಿಮೆಂಟಿನ ಕ್ಷಾರ ಸೇರಿದರೆ ಗಿಡಕ್ಕೆ ಕಬ್ಬಿಣ, ಸತುವು ಸಿಗುವುದೇ ಇಲ್ಲ. ಪಿಒಪಿ ಚೂರು, ಪೇಂಟಿನ ಡಬ್ಬಿ ತೊಳೆದ ಮಣ್ಣು, ಬೈಂಡಿಂಗ್ ವೈರು ಇವೆಲ್ಲ ಹೊರಗೆ. ಶುದ್ಧ ಇಟ್ಟಂಗಿ ಚೂರನ್ನು ಮಾತ್ರ ಬೇರೆ ರಾಶಿ ಮಾಡಿಡಿ, ಮುಂದೆ ನೀರು ಬಸಿದುಹೋಗಲು ತೋಡಿಸುವ ಕಾಲುವೆಗೆ ಬೇಕಾಗುತ್ತದೆ.

ಮಣ್ಣಿನ ಪರೀಕ್ಷೆಗೆ ಇದೇ ಸಮಯ. ಎಂಟು ಹತ್ತು ಕಡೆ ವಿ ಆಕಾರದಲ್ಲಿ ಆರಿಂಚು ಆಳಕ್ಕೆ ಕಡಿದು, ಅಂಚಿನಿಂದ ಒಂದೊಂದು ಹೋಳು ಮಣ್ಣು ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಹಾಕಿ. ಹಣ್ಣಿನ ಗಿಡ ಬರುವ ಕಡೆ ಒಂದಡಿ, ಎರಡಡಿ, ಮೂರಡಿಯ ಮಣ್ಣನ್ನು ಬೇರೆ ಬೇರೆ ಕೊಡಬೇಕು. ಜೊತೆಗೆ ಬೋರಿನ ನೀರು ಒಂದು ಲೀಟರ್. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಇಲ್ಲವೇ ಸೈದಾಪುರ ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ವರದಿ ಬಂದಾಗ ಮಣ್ಣಿನಲ್ಲಿ ಪಿಎಚ್ (ಹುಳಿ, ಕ್ಷಾರದ ಅಳತೆ), ನೀರಿನಲ್ಲಿ ಇಸಿ (ಕರಗಿದ ಉಪ್ಪಿನ ಅಳತೆ) ಮತ್ತು ಆರ್‌ಎಸ್‌ಸಿ (ಉಳಿಕೆ ಸೋಡಿಯಂ ಕಾರ್ಬೊನೇಟ್) ನೋಡಿ. ಪಿಎಚ್ 8ರಿಂದ 8.5 ಇದ್ದರೆ ಎರೆಗೆ ಅದು ಸಹಜ, ಗಾಬರಿ ಬೇಡ. ನೀರಿನ ಇಸಿ 0.75ರೊಳಗಿದ್ದರೆ ಚಿಂತೆಯಿಲ್ಲ, 2.25ರತನಕ ಎಚ್ಚರದಿಂದ ಬಳಸಬಹುದು. ಆರ್‌ಎಸ್‌ಸಿ 2.5 ದಾಟಿದರೆ ಆ ನೀರನ್ನು ಎರೆಗೆ ಬಿಡಬಾರದು, ಮಣ್ಣು ಸವಳಾಗುತ್ತದೆ.

ಜಿಪ್ಸಮ್ ಹಾಕಿಸಿ, ಎರೆ ಸಡಿಲಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಿಎಚ್ 8.5 ದಾಟಿ, ಸೋಡಿಯಂ ಜಾಸ್ತಿ ಎಂದು ವರದಿ ಹೇಳಿದರೆ ಮಾತ್ರ ಜಿಪ್ಸಮ್ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಸುಣ್ಣ ತುಂಬಿದ ಮಣ್ಣಿಗೆ ಮತ್ತಷ್ಟು ಸುಣ್ಣದಂಶ ಕೊಟ್ಟಂತೆ. ಉಸುಕಿನದೂ ಅದೇ ಕಥೆ: ಎರೆಯ ಗುಣ ಬದಲಾಗಬೇಕಾದರೆ ಉಸುಕು ಹೆಚ್ಚುಕಡಿಮೆ ಮಣ್ಣಿನಷ್ಟೇ ಬೇಕು. ನಾಲ್ಕು ಬುಟ್ಟಿ ಉಸುಕಿನಿಂದ ಏನೂ ಆಗುವುದಿಲ್ಲ. ಎರೆಯನ್ನು ಸಡಿಲ ಮಾಡುವುದು ಕೊಳೆತ ಗೊಬ್ಬರ, ವರ್ಷ ವರ್ಷ.

ನೀರು ಎಷ್ಟು ಹೊತ್ತಿಗೆ ಇಂಗುತ್ತದೆ?

ಹಿತ್ತಲಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಕುಣಿ ತೋಡಿ ನೀರು ತುಂಬಿ. ಜನವರಿಯಲ್ಲಿ ಎರೆ ಬಿರಿದಿರುತ್ತದೆ, ಆದ್ದರಿಂದ ಮೊದಲ ಸಲ ನೀರು ಸರ್ರನೆ ಇಳಿದುಹೋಗುತ್ತದೆ. ಅದನ್ನು ನಂಬಿ "ನಮ್ಮ ನೆಲದಾಗ ನೀರು ನಿಲ್ಲೂದಿಲ್ಲ" ಎಂದುಕೊಂಡವರೇ ಜೂನಿನಲ್ಲಿ ಪೇಚಾಡುವುದು. ಅದು ಇಂಗಿದ್ದಲ್ಲ, ಬಿರುಕಿನಲ್ಲಿ ಹೋಗಿದ್ದು. ಕುಣಿಯನ್ನು ಎರಡು ದಿನ ತುಂಬುತ್ತಲೇ ಇರಿ. ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಮೂರನೇ ದಿನ ಒಂದು ಪಟ್ಟಿ ನಿಲ್ಲಿಸಿ ತಾಸಿಗೆ ಎಷ್ಟು ಇಳಿಯುತ್ತದೆ ನೋಡಿ. ತಾಸಿಗೆ ಒಂದಿಂಚು ಇಳಿದರೆ ಪರವಾಗಿಲ್ಲ. ಅರ್ಧ ಇಂಚಿಗಿಂತ ಕಡಿಮೆಯಾದರೆ ಕಾಲುವೆ ಇಲ್ಲದೆ ಹಣ್ಣಿನ ಗಿಡದ ಮಾತೇ ಬೇಡ. ನಿಮ್ಮ ಭಾಗದಲ್ಲಿ ಕಡಿಮೆಯೇ ಬರುವ ಸಾಧ್ಯತೆ ಹೆಚ್ಚು.

ಗೌಂಡಿಯ ಲೆವೆಲ್ ಪೈಪು ಹಿಡಿದು ನೆಲದ ಮಟ್ಟ ಬರೆದುಕೊಳ್ಳಿ. ಮನೆಯ ಪ್ಲಿಂತಿನಿಂದ ಪಶ್ಚಿಮದ ಕಂಪೌಂಡಿನತನಕ 25 ಅಡಿಗೆ ಕನಿಷ್ಠ ಮೂರಿಂಚು ಇಳಿಜಾರು ಬೇಕು. ಕಂಪೌಂಡಿಗೆ ಎರಡಡಿ ಒಳಗೆ, ಒಂದಡಿ ಅಗಲದ ಕಾಲುವೆ ತೋಡಿಸಿ. ಸೆಪ್ಟಿಕ್ ಟ್ಯಾಂಕಿನಿಂದ ದೂರ ಇರುವಂತೆ ಶುರುಮಾಡಿ ದಕ್ಷಿಣಕ್ಕೆ, ಅಲ್ಲಿಂದ ದಕ್ಷಿಣ ಕಂಪೌಂಡಿನ ಗುಂಟ ಪೂರ್ವಕ್ಕೆ ರಸ್ತೆಯ ಗಟಾರಿಗೆ. ಹತ್ತಡಿಗೆ ಒಂದೂಕಾಲು ಇಂಚಿನಂತೆ ಇಳಿಸಿದರೆ ಇಷ್ಟು ಉದ್ದಕ್ಕೆ ಒಟ್ಟು 15–16 ಇಂಚು ಇಳಿತ ಬೇಕಾಗುತ್ತದೆ. ಇಲ್ಲೇ ಎಡವುವುದು: ಕಾಲುವೆ ತೋಡಿದ ಮೇಲೆ ಗಟಾರಿನ ತಳ ನಮಗಿಂತ ಎತ್ತರ ಇದೆ ಎಂದು ಗೊತ್ತಾಗುತ್ತದೆ. ಮೊದಲು ಗಟಾರಿನ ತಳದ ಮಟ್ಟ ತೆಗೆಯಿರಿ, ಆಮೇಲೆ ಗುದ್ದಲಿ. ಗಟಾರು ಎತ್ತರವಿದ್ದರೆ ಕಾಲುವೆಯ ಆಸೆ ಬಿಟ್ಟು, ಗಿಡಗಳನ್ನೆಲ್ಲ ದಿಬ್ಬದ ಮೇಲೆ ಎತ್ತಿ, ಮೇಲ್ಮೈ ನೀರು ಮಾತ್ರ ಹೊರಗೆ ಹರಿಯುವಂತೆ ಮಾಡಿಕೊಳ್ಳಬೇಕು. ಪಕ್ಕದ ಖಾಲಿ ಸೈಟಿಗೆ ನೀರು ಬಿಡುವ ಯೋಚನೆ ಬೇಡ. ಇವತ್ತು ಖಾಲಿ, ನಾಳೆ ಅಲ್ಲಿ ಮನೆ ಬರುತ್ತದೆ, ಜಗಳವೂ ಬರುತ್ತದೆ.

ಕಾಲುವೆಯ ತಳಕ್ಕೆ ಎರಡಿಂಚು 40 ಎಂಎಂ ಜಲ್ಲಿ, ಅದರ ಮೇಲೆ ನಾಲ್ಕಿಂಚಿನ ತೂತು ಕೊರೆದ ಪಿವಿಸಿ ಪೈಪು, ತೂತು ಕೆಳಮುಖವಾಗಿ. ಸುತ್ತ ಮತ್ತೆ ಜಲ್ಲಿ, ಇಟ್ಟಂಗಿ ಚೂರು. ಇಡೀ ಜಲ್ಲಿಯನ್ನು ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಸುತ್ತಿಸಿ. ಬಟ್ಟೆ ಉಳಿಸಲು ಹೋದರೆ ಎರೆಯ ರಾಡಿ ಒಂದೆರಡು ಮಳೆಗಾಲದಲ್ಲಿ ಜಲ್ಲಿಯ ಸಂದು ಮುಚ್ಚುತ್ತದೆ, ಮಾಡಿದ ಖರ್ಚೆಲ್ಲ ನೆಲದ ಪಾಲು.

ತಾರಸಿಯ ಪೈಪುಗಳನ್ನು ಹಿತ್ತಲಿಗೆ ಬಿಡಬೇಡಿ. ನಿಮ್ಮ 1350 ಚದರಡಿ ತಾರಸಿಯಿಂದ 10 ಮಿಲಿಮೀಟರ್ ಮಳೆಗೆ ಸುಮಾರು ಸಾವಿರ ಲೀಟರ್ ನೀರು ಇಳಿಯುತ್ತದೆ. ಹುಬ್ಬಳ್ಳಿಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ ಎಂದರೆ 70,000 ಲೀಟರ್. ಮೊದಲ ಮಳೆ ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿನ (ನೆಲದಡಿಯ ತೊಟ್ಟಿಯ) ಒಳಗೆ ತಗೊಳ್ಳಿ. ಗಡಸು ಬೋರಿನ ನೀರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಇನ್ನೊಂದು ಮಾತು, ಮನೆಯ ಬುನಾದಿಯದು. ಎರೆ ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬುನಾದಿಯ ಒಂದು ಬದಿ ಸದಾ ಹಸಿ, ಇನ್ನೊಂದು ಬದಿ ಒಣ ಇದ್ದರೆ ಗೋಡೆ ಬಿರಿಯುತ್ತದೆ. ಮನೆಯ ಸುತ್ತ ಮೂರಡಿ ಅಗಲದ, ಹೊರಕ್ಕೆ ಇಳಿಜಾರಾದ ಕಾಂಕ್ರೀಟು ಇಲ್ಲವೇ ಫರ್ಸಿ ಹಾಸು ಮಾಡಿಸಿ. ಅದರೊಳಗೆ ಮಣ್ಣಿನ ಮಡಿ ಬೇಡ. ಆಲ, ಅತ್ತಿ, ಬಸರಿ, ಅಲಂಕಾರದ ಫೈಕಸ್ ಯಾವುದೂ ಈ ಸೈಟಿನಲ್ಲಿ ಬೇಡ.

ಬಿಸಿಲಿನ ಲೆಕ್ಕ

ಹುಬ್ಬಳ್ಳಿ ಇರುವ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಪ್ಯಾರಾಪೆಟ್ ಸೇರಿ 15 ಅಡಿ ಇರುವ ನಿಮ್ಮ ಮನೆಯ ನೆರಳು ಆಗ ಉತ್ತರಕ್ಕೆ 12 ಅಡಿ ಬೀಳುತ್ತದೆ. ಅಂದರೆ ಉತ್ತರದ ಆರಡಿ ಓಣಿ ಚಳಿಗಾಲ ಪೂರ್ತಿ ನೆರಳು. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದತನಕ ನಡುಹಗಲ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಆಗ ಅದೇ ಓಣಿಗೆ ಬಿಸಿಲು ಬರುತ್ತದೆ. ಅರಿಷಿಣ, ಶುಂಠಿ, ಕೆಸುವಿಗೆ ಇದು ಸರಿಹೋಗುತ್ತದೆ: ಮೇ ಕೊನೆಗೆ ಹಚ್ಚಿ, ಬಿಸಿಲಿದ್ದಾಗ ಬೆಳೆದು, ನೆರಳು ಬಂದಾಗ ಗಡ್ಡೆ ಬಲಿತು ಜನವರಿ ಹೊತ್ತಿಗೆ ಕೀಳಲು ಬರುತ್ತವೆ. ಬೋರಿಗೆ ರಿಗ್ ಅಥವಾ ಮೋಟಾರು ಎತ್ತುವ ಗಾಡಿ ಬರುವಷ್ಟು ಜಾಗ ಖಾಲಿ ಇಡಿ.

ದಕ್ಷಿಣದ 14 ಅಡಿ ಪಟ್ಟಿಯೇ ನಿಮ್ಮ ಕಾಯಿಪಲ್ಲೆಯ ಜಾಗ. ಚಳಿಗಾಲದಲ್ಲಿ ದಿನವಿಡೀ ಬಿಸಿಲು ಸಿಗುವುದು ಅಲ್ಲೇ. ಒಂದೇ ಭಯ, ದಕ್ಷಿಣದ ನೆರೆಯ ಸೈಟು. ಅಲ್ಲಿ 25 ಅಡಿ ಎತ್ತರದ ಮನೆ ಎದ್ದರೆ ಡಿಸೆಂಬರಿನಲ್ಲಿ 20 ಅಡಿ ನೆರಳು ನಿಮ್ಮ ಪಟ್ಟಿಯ ಮೇಲೆ ಬೀಳುತ್ತದೆ. ಅದಕ್ಕೇ ಇಟ್ಟಂಗಿ ಕಟ್ಟಿ ಕಾಯಂ ಮಡಿ ಮಾಡಿಸಬೇಡಿ. ಮಣ್ಣಿನ ಏರುಮಡಿ ಇರಲಿ, ಮುಂದೆ ತಾರಸಿಗೆ ಹೋಗಬೇಕಾದರೂ ನಷ್ಟವಿಲ್ಲ.

ಪಶ್ಚಿಮದ ಹಿತ್ತಲಿಗೆ ಮಧ್ಯಾಹ್ನದ ಮೇಲಿನ ಬಿಸಿಲು. ಮಾರ್ಚ್‌ನಿಂದ ಮೇ ತನಕ ಮನೆಯ ಹಿಂಗೋಡೆ ಕಾಯುವುದು ಇದರಿಂದಲೇ, ಹಾಗಾಗಿ ಮರಗಳ ಜಾಗ ಇಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಹೊಡೆಯುವುದೂ ಇದೇ ದಿಕ್ಕಿನಿಂದ. ಪಪ್ಪಾಯಿ, ಬಾಳೆ ತೆರೆದ ಜಾಗದಲ್ಲಿ ನಿಲ್ಲುವುದಿಲ್ಲ.

ಯಾವ ಗಿಡ, ಎಲ್ಲಿ

ತೆಂಗು ಒಂದು ಸಾಕು. ನೈಋತ್ಯ ಮೂಲೆಯಲ್ಲಿ ಎರಡೂ ಕಂಪೌಂಡಿನಿಂದ ಏಳು ಏಳು ಅಡಿ ಒಳಗೆ. ಮನೆಗೆ ಆಗ 18 ಅಡಿ ದೂರವಾಗುತ್ತದೆ, ಗರಿ ಬಿದ್ದರೂ ತಾರಸಿಯ ಮೇಲೆ ಬೀಳುವುದಿಲ್ಲ. ವಾಸ್ತು ನೋಡುವವರಿಗೂ ಭಾರದ ಮರ ನೈಋತ್ಯಕ್ಕೆ ಬಂದರೆ ತಕರಾರಿಲ್ಲ, ಮನೆಯ ಹಿರಿಯರನ್ನು ಒಪ್ಪಿಸುವ ಕೆಲಸ ಉಳಿಯಿತು. ಕಾಯಿಗೆ ತಿಪಟೂರು ಟಾಲ್, ಬೇಗ ಫಲ ಬೇಕಾದರೆ ಟಿ×ಡಿ (ಎತ್ತರದ ಮತ್ತು ಗಿಡ್ಡ ತಳಿ ಕೂಡಿಸಿದ) ಹೈಬ್ರಿಡ್. ಸಸಿ 9–12 ತಿಂಗಳದ್ದು, ಆರು ಗರಿ, ಬುಡದ ಸುತ್ತಳತೆ 10 ಸೆಂಟಿಮೀಟರ್ ಇರಲಿ.

ಮಾವು ಬಿಡಿ ಎಂದೇ ನನ್ನ ಸಲಹೆ. ಧಾರವಾಡದ ಆಪೂಸಿಗೆ ಹೆಸರಿದೆ ನಿಜ, ಆದರೆ ಅದು ಬೆಳೆಯುವುದು ಧಾರವಾಡ, ಕಲಘಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ. ನಿಮ್ಮ ಎರೆಯಲ್ಲಿ ಎಲೆ ದಂಡಿಯಾಗಿ ಬಂದೀತು, ಹಣ್ಣು ಬರುವ ಭರವಸೆ ಕಡಿಮೆ. ಬೇಕೇ ಬೇಕು ಎಂದರೆ ದಿಬ್ಬದ ಮೇಲೆ ಮಲ್ಲಿಕಾ ಅಥವಾ ಆಮ್ರಪಾಲಿ ಕಸಿ ಹಚ್ಚಿ. ಎರಡೂ ಆಪೂಸಿಗಿಂತ ಚಿಕ್ಕ ಮರ, ವರ್ಷ ಬಿಟ್ಟು ವರ್ಷ ಕಾಯಿ ಬಿಡುವ ಚಾಳಿ ಕಡಿಮೆ. ನನ್ನನ್ನು ಕೇಳಿದರೆ ಆ ಜಾಗದಲ್ಲಿ ಚಿಕ್ಕು. ನೀರು ಬಸಿದುಹೋಗುವಂತೆ ಮಾಡಿದ ಎರೆಯಲ್ಲಿ ಚಿಕ್ಕು ಸೊಗಸಾಗಿ ಬರುತ್ತದೆ, ವರ್ಷವಿಡೀ ನೆರಳು. ಕಾಲಿಪತ್ತಿ ಅಥವಾ ಕ್ರಿಕೆಟ್ ಬಾಲ್ ಕಸಿ. ತೆಂಗಿನಿಂದ ಉತ್ತರಕ್ಕೆ 25 ಅಡಿ ಬಿಟ್ಟು ಹಚ್ಚಿ. ನಡುವೆ ಒಂದು ಪೇರಲ, ಸರ್ದಾರ್ ತಳಿ, ಆರೇಳು ಅಡಿ ಎತ್ತರಕ್ಕೇ ಕತ್ತರಿಸುತ್ತ ಇಡಬಹುದು.

ನಿಂಬೆಗೆ ಬಿಸಿಲು ಬೇಕು, ಒದ್ದೆ ಬುಡ ಆಗುವುದಿಲ್ಲ. ನಿಂಬೆ ಸಾಯುವುದು ಬಹುತೇಕ ಬುಡದಲ್ಲಿ ಅಂಟು ಸೋರಿ. ಹಿತ್ತಲಿನ ದಕ್ಷಿಣ ಭಾಗದಲ್ಲಿ, ಮನೆಗೆ ಎಂಟಡಿ ದೂರದಲ್ಲಿ ಹಚ್ಚಿ. ಮಳೆಗಾಲಕ್ಕೆ ಮೊದಲು ಕಾಂಡಕ್ಕೆ ಎರಡಡಿ ಎತ್ತರದತನಕ ಬೋರ್ಡೋ ಮುಲಾಮು ಬಳಿಯಿರಿ: ಮೈಲುತುತ್ತು 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕಲಸಿ, ಆಮೇಲೆ ಕೂಡಿಸಿ, ಅಂದೇ ಬಳಸಿ. ಕರಿಬೇವು ಅಡುಗೆಮನೆ ಬಾಗಿಲಿಗೆ ಹತ್ತಿರ, ಮೂರಡಿಗೆ ಚಿವುಟುತ್ತಿದ್ದರೆ ಪೊದೆಯಾಗುತ್ತದೆ. ನುಗ್ಗೆ ಬೇಕೆಂದರೆ ಒಂದು, ಪಿಕೆಎಂ-1 ಅಥವಾ ಭಾಗ್ಯ, ಮನೆ ಮತ್ತು ವಿದ್ಯುತ್ ತಂತಿಯಿಂದ ದೂರ. ಅದರ ಟೊಂಗೆ ಗಾಳಿಗೆ ಪಟ್ಟನೆ ಮುರಿಯುತ್ತದೆ. ಸೆಪ್ಟಿಕ್ ಟ್ಯಾಂಕಿನ ಹತ್ತಡಿ ಒಳಗೆ ಯಾವ ಮರವೂ ಬೇಡ.

ಮುಂದೆ ಬೆಳಗಿನ ಬಿಸಿಲು. ದುಂಡುಮಲ್ಲಿಗೆ, ದಾಸವಾಳ, ಕಣಗಲ, ನಂದಬಟ್ಟಲು, ಅಬ್ಬಲಿಗೆ ಎಲ್ಲ ಇಲ್ಲಿ ಬರುತ್ತವೆ. ಮಲ್ಲಿಗೆಯನ್ನು ಡಿಸೆಂಬರ್–ಜನವರಿಯಲ್ಲಿ ಒಂದೂವರೆ ಎರಡಡಿಗೆ ಕತ್ತರಿಸಿದರೆ ಮಾರ್ಚಿನಿಂದ ಮೊಗ್ಗು.

ಗುಂಡಿ, ದಿಬ್ಬ

ಮೂರಡಿ ಗುಂಡಿ ತೋಡಿ, ಕೆಂಪು ಮಣ್ಣು ಗೊಬ್ಬರ ತುಂಬಿ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ಮಸಾರಿ ನೆಲಕ್ಕೆ ಆ ಮಾತು ಸರಿ. ಎರೆಯಲ್ಲಿ ಹಾಗೆ ಮಾಡಿದರೆ ಸುತ್ತ ಗಟ್ಟಿ ಜೇಡಿ, ನಡುವೆ ಸಡಿಲ ಮಣ್ಣು. ಸುತ್ತಲಿನ ನೀರೆಲ್ಲ ಬಂದು ಅಲ್ಲೇ ನಿಲ್ಲುತ್ತದೆ, ಗಿಡ ಭಗೋಣಿಯಲ್ಲಿ ಕೂತಂತೆ. ನಿಮ್ಮಲ್ಲಿ ಗುಂಡಿ ಎರಡಡಿ ಸಾಕು (ತೆಂಗಿಗೆ ಮೂರು), ಆದರೆ ತುಂಬಿದ ಮೇಲೆ ನೆಲದಿಂದ ಒಂದೂಕಾಲು ಅಡಿ ಎತ್ತರ, ಐದಡಿ ಅಗಲದ ದಿಬ್ಬ ಆಗಬೇಕು. ಗಿಡ ದಿಬ್ಬದ ನೆತ್ತಿಯ ಮೇಲೆ. ತೆಂಗಿನ ಸಸಿಯನ್ನೂ ಉಸುಕು ಮಣ್ಣಿನವರಂತೆ ಗುಂಡಿಯ ತಳದಲ್ಲಿ ಇಡದೆ, ಕಾಯಿಯ ಮೇಲ್ಭಾಗ ಮುಚ್ಚುವಷ್ಟೇ ಮಣ್ಣು ಬರುವಂತೆ ದಿಬ್ಬದ ಮೇಲ್ಮಟ್ಟಕ್ಕೆ ಹಚ್ಚಿ.

ಗುಂಡಿಗಳನ್ನು ಏಪ್ರಿಲ್‌ನಲ್ಲಿ ತೋಡಿಸಿ ಒಂದು ತಿಂಗಳು ಬಿಸಿಲಿಗೆ ಬಿಡಿ. ಹಸಿ ಎರೆಯನ್ನು ಅಗೆಯಲೇಬೇಡಿ. ಗುದ್ದಲಿ ತಾಗಿದ ಗೋಡೆ ಗಾಜಿನಂತೆ ನುಣುಪಾಗಿ, ಬೇರು ಅದನ್ನು ದಾಟಲಾರದೆ ಒಳಗೇ ಸುತ್ತುತ್ತದೆ. ಒಂದು ಹಿಡಿ ಮಣ್ಣು ಹಿಚುಕಿ ನೋಡಿ: ಉಂಡೆಯಾಗಿ ಕೈಗೆ ಅಂಟಿದರೆ ತಡೆಯಿರಿ, ಪುಡಿಯಾದರೆ ಅಗೆಯಿರಿ. ತುಂಬುವ ಮೊದಲು ಗೋಡೆಗಳನ್ನು ಪಿಕಾಸಿಯಿಂದ ಅಲ್ಲಲ್ಲಿ ಕೆತ್ತಿ ಒರಟು ಮಾಡಿ. ಮೇಲಿನ ಒಂದಡಿಯ ಮಣ್ಣಿಗೆ 15–20 ಕಿಲೋ ಪಕ್ವವಾದ ತಿಪ್ಪೆಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ, 300 ಗ್ರಾಂ ಸೂಪರ್ ಫಾಸ್ಫೇಟ್ ಬೆರೆಸಿ ತುಂಬಿ. 50 ಗ್ರಾಂ ಟ್ರೈಕೋಡರ್ಮಾವನ್ನು (ರೋಗ ತಡೆಯುವ ಶಿಲೀಂಧ್ರದ ಪುಡಿ) ಗೊಬ್ಬರದ ಜೊತೆ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ವಾರವಿಟ್ಟು ಹಾಕಿದರೆ ಬುಡಕೊಳೆ ಕಡಿಮೆ. ಒಂದೆರಡು ಮಳೆ ಬಿದ್ದು ಮಣ್ಣು ಕುಸಿದ ಮೇಲೆ ದಿಬ್ಬ ಮತ್ತೆ ಏರಿಸಿ, ಆಮೇಲೆ ಸಸಿ.

ಕಸಿ ಗಂಟು ಮಣ್ಣಿನಿಂದ ಅರ್ಧ ಅಡಿ ಮೇಲಿರಲಿ. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಲು ಮರೆಯಬೇಡಿ, ಒಂದೆರಡು ವರ್ಷದ ಮೇಲೆ ಅಲ್ಲೇ ಕತ್ತು ಹಿಸುಕಿ ಗಿಡ ಮುರಿಯುತ್ತದೆ. ಗಂಟಿನ ಕೆಳಗಿನ ಚಿಗುರು ಚಿವುಟುತ್ತಿರಿ, ಇಲ್ಲದಿದ್ದರೆ ಕೊನೆಗೆ ಬೆಳೆಯುವುದು ಕಾಡುಗಿಡವೇ. ಆಸರೆ ಕೋಲು ಗಾಳಿ ಬರುವ ಪಶ್ಚಿಮಕ್ಕೆ. ಸಸಿಗಾಗಿ ಧಾರವಾಡದ ಹತ್ತಿರ ಕುಂಬಾಪುರದ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಮೇ ತಿಂಗಳಲ್ಲೇ ವಿಚಾರಿಸಿಡಿ.

ಗುಂಡಿಗಳ ನಡುವೆ ಉಳಿದ ಹಿತ್ತಲು ಖಾಲಿ ಬಿಟ್ಟರೆ ಕಾಂಗ್ರೆಸ್ ಕಸ ತುಂಬುತ್ತದೆ. ಮೇ ತಿಂಗಳ ಅಡ್ಡಮಳೆ ಬಿದ್ದ ಕೂಡಲೇ ಹಸಿರೆಲೆ ಗೊಬ್ಬರಕ್ಕಾಗಿ ಸಾವಿರ ಚದರಡಿಗೆ ಅರ್ಧ ಕಿಲೋದಂತೆ ಸೆಣಬಿನ ಬೀಜ ಚೆಲ್ಲಿ. ಆರು ವಾರಕ್ಕೆ ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ. ಹೂ ಬಲಿತರೆ ನಾರಾಗುತ್ತದೆ, ಬೇಗ ಕೊಳೆಯದು.

ಕಾಯಿಪಲ್ಲೆಯ ಮಡಿ

ದಕ್ಷಿಣದ 14 ಅಡಿಯನ್ನು ಹೀಗೆ ಹಂಚಿ: ಮನೆಯಿಂದ ಮೂರಡಿ ಹಾಸು, ನಾಲ್ಕಡಿ ಮಡಿ, ಒಂದೂವರೆ ಅಡಿ ದಾರಿ, ಮತ್ತೆ ನಾಲ್ಕಡಿ ಮಡಿ, ಕಂಪೌಂಡಿನ ಗುಂಟ ಒಂದೂವರೆ ಅಡಿ ದಾರಿ. ಕಾಲುವೆಯ ಪೈಪು ಈ ಕೊನೆಯ ದಾರಿಯ ಕೆಳಗೆ ಹೋಗುತ್ತದೆ. ಹತ್ತಡಿ ಉದ್ದದ ಮಡಿಗಳು ಸಾಲಿಗೆ ಮೂರು, ಒಟ್ಟು ಆರು. ಮಡಿಗಳ ನಡುವೆ ಓಡಾಡುವ ಜಾಗ ಕಳೆದು ಉಳಿದ ಸುಮಾರು ಹತ್ತು ಅಡಿ ಕಾಂಪೋಸ್ಟಿಗೆ, ಸಸಿಮಡಿಗೆ. ನಾಲ್ಕಡಿಗಿಂತ ಅಗಲ ಮಾಡಿದರೆ ನಡುವಿಗೆ ಕೈ ಎಟುಕದೆ ಮಡಿಯೊಳಗೆ ಕಾಲಿಡುತ್ತೀರಿ. ಹಸಿ ಎರೆಯ ಮೇಲೆ ಕಾಲಿಟ್ಟ ಜಾಗ ಇಟ್ಟಂಗಿಯಾಗುತ್ತದೆ.

ಒಂದಡಿ ಎತ್ತರಕ್ಕೆ 240 ಘನ ಅಡಿ ಮಣ್ಣು ಬೇಕು. ಮಸಾರಿ ಮಣ್ಣು 120, ನಿಮ್ಮದೇ ಎರೆ 60, ಗೊಬ್ಬರ 60. ಒಂದು ಬ್ರಾಸ್ ಎಂದರೆ 100 ಘನ ಅಡಿ, ಆ ಲೆಕ್ಕದಲ್ಲಿ ಟ್ರ್ಯಾಕ್ಟರಿನವರ ಜೊತೆ ಮಾತಾಡಿ. ಮಸಾರಿ ಎಂದು ಹೇಳಿ ಕೆರೆಯ ಹೂಳು ತಂದು ಸುರಿಯುವುದುಂಟು. ಹೂಳು ಮತ್ತೆ ಸಣ್ಣ ಜೇಡಿಯೇ, ಎರೆಯ ಮೇಲೆ ಅದು ಬೇಡ. ಗೊಬ್ಬರ ತಂದ ದಿನ ರಾಶಿಯೊಳಗೆ ಕಬ್ಬಿಣದ ಸರಳು ತೂರಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಬಿಸಿ ಇದ್ದರೆ ಅದು ಇನ್ನೂ ಹಸಿ ಗೊಬ್ಬರ, ಮೂರು ತಿಂಗಳು ಮುಚ್ಚಿಡಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳ, ಗೆದ್ದಲು ಉಚಿತ. ಜೇಕಿನ ಗಡ್ಡೆ, ಕರಕಿ ಬೇರು ಇದ್ದರೆ ಜಾಳಿಗೆಯಲ್ಲಿ ಸೋಸಿ ತೆಗೆಯಿರಿ. ಒಮ್ಮೆ ಜೇಕು ಹೊಕ್ಕಿತೆಂದರೆ ವರ್ಷಗಟ್ಟಲೆ ಕೀಳುವುದೇ ಕೆಲಸ.

ಮಡಿಯ ತಳವನ್ನು ಮುಕ್ಕಾಲು ಅಡಿ ಅಗೆದು ಸಡಿಲಿಸಿ, ಮೊದಲ ಮೂರಿಂಚು ಮಿಶ್ರಣವನ್ನು ತಳದ ಎರೆಯೊಂದಿಗೆ ಕಲಸಿ, ಆಮೇಲೆ ಏರಿಸಿ. ನುಣುಪು ಎರೆಯ ಮೇಲೆ ನೇರವಾಗಿ ಮಸಾರಿ ಸುರಿದರೆ ಎರಡೂ ಸೇರುವಲ್ಲಿ ನೀರು ತಡೆದು ಬೇರು ಕೊಳೆಯುತ್ತದೆ. ಏಪ್ರಿಲ್ ಎರಡನೇ ವಾರ ಮಡಿಗೆ ಚೆನ್ನಾಗಿ ನೀರು ಕುಡಿಸಿ, ಪಾರದರ್ಶಕ ಪಾಲಿಥಿನ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚು ಮಣ್ಣಲ್ಲಿ ಹೂತು ಐದಾರು ವಾರ ಬಿಡಿ. ಹಾಳೆ ಕಪ್ಪಾಗಿದ್ದರೆ ಅಷ್ಟು ಕಾವು ಬರದು. ಕಸದ ಬೀಜ, ಬೇರಿನ ಜಂತು ಬಹುಪಾಲು ಸಾಯುತ್ತವೆ, ಜೇಕಿನ ಗಡ್ಡೆ ಸಾಯುವುದಿಲ್ಲ.

ಜೂನಿನಲ್ಲಿ ಬೆಂಡಿ, ಚವಳಿ, ಹೀರಿ, ಪುಂಡಿ. ಆಗಸ್ಟ್ ಕೊನೆಗೆ ಟೊಮ್ಯಾಟೊ, ಮುಳಗಾಯಿ, ಮೆಣಸಿನಕಾಯಿ ಸಸಿ ಹಾಕಿ ಸೆಪ್ಟೆಂಬರ್ ಕೊನೆಗೆ ನಾಟಿ. ಅಕ್ಟೋಬರಿನಿಂದ ಮೆಂತ್ಯ, ಪಾಲಕ, ಸಬ್ಬಸಗಿ, ಹಕ್ಕರಕಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ. ಸೊಪ್ಪಿನ ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಜಾಳಿಗೆ ಹಿಡಿದ ಗೊಬ್ಬರ ಮುಚ್ಚಿ. ಎರೆ ಬೆರೆತ ಮಣ್ಣು ಒಂದು ಮಳೆಗೆ ಹಪ್ಪಳಗಟ್ಟಿ ಮೊಳಕೆ ಮೇಲೆ ಬರಲು ಬಿಡುವುದಿಲ್ಲ. ಕೊತ್ತಂಬರಿ ಕಾಳನ್ನು ಒಡೆದು ಎರಡು ಬೇಳೆ ಮಾಡಿ, ರಾತ್ರಿ ನೆನೆಸಿ ಬಿತ್ತಿ.

ನೀರು ಕೊಡುವುದು

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ಆರು ಮಡಿ ಸೇರಿ ಸುಮಾರು 22 ಚದರ ಮೀಟರ್. ಚಳಿಗಾಲದಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ಸುಮಾರು 110 ಲೀಟರ್, ಏಪ್ರಿಲ್–ಮೇನಲ್ಲಿ ಆರೂವರೆಯಂತೆ 145. ವಾರಕ್ಕೊಮ್ಮೆ ನಳ ಬರುವ ಮನೆಯಲ್ಲಿ ಬೇಸಿಗೆಗೆ ಎರಡೇ ಮಡಿ ಜೀವಂತ ಇಟ್ಟುಕೊಂಡು ಉಳಿದವಕ್ಕೆ ಹೊದಿಕೆ ಹಾಕಿ ಬಿಡುವುದು ಜಾಣತನ. ಹೊದಿಕೆಗೆ ಶೇಂಗಾ ಹೊಟ್ಟು, ಕಬ್ಬಿನ ರವದಿ ಮೂರಿಂಚು ದಪ್ಪ. ಕಣಿಕಿಯೂ (ಜೋಳದ ದಂಟು) ಆದೀತು, ಆದರೆ ಅದನ್ನು ತಿನ್ನುವ ದನಗಳಿರುವಾಗ ತುಟ್ಟಿ. ಯಾವುದೇ ಆಗಲಿ, ಕಾಂಡದಿಂದ ಗೇಣು ದೂರ.

ಎರೆ ಬಿರಿಯಲು ಬಿಡದೆ ಸ್ವಲ್ಪ ಸ್ವಲ್ಪ ಕೊಡುವುದೇ ಗುಟ್ಟು. ಒಮ್ಮೆ ಬಿರಿದರೆ ಹಾಕಿದ ನೀರು ಬೇರಿಗೆ ಸಿಗದೆ ಸಂದಿಯಲ್ಲಿ ಆಳಕ್ಕೆ ಹೋಗುತ್ತದೆ. ಹನಿ ನೀರಾವರಿ ಹಾಕಿಸುವುದಾದರೆ ಮೇಲಿನ ಟ್ಯಾಂಕಿನ ಎತ್ತರ ನೋಡಿ. 15 ಅಡಿಗೆ ಸಿಗುವ ಒತ್ತಡ ಅರ್ಧ ಕೆಜಿಯೂ ಇಲ್ಲ, ಒತ್ತಡ ಬೇಡುವ ದುಬಾರಿ ಡ್ರಿಪ್ಪರ್ ಇದರಲ್ಲಿ ಸರಿಯಾಗಿ ಹನಿಸುವುದಿಲ್ಲ. ಕೈಯಿಂದ ಬಿಚ್ಚಿ ತೊಳೆಯಲು ಬರುವ ಸಾದಾ ಡ್ರಿಪ್ಪರ್, ಚಿಕ್ಕ ಲ್ಯಾಟರಲ್ (ಡ್ರಿಪ್ಪರ್ ಕೂಡಿಸುವ ಸಣ್ಣ ಪೈಪು), ಒಂದಿಂಚಿನ ಸ್ಕ್ರೀನ್ ಫಿಲ್ಟರ್ ಸಾಕು. ಗಡಸು ನೀರಿಗೆ ಸುಣ್ಣ ಕಟ್ಟಿಕೊಳ್ಳುವುದು ಖಾತ್ರಿ.

ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಹಿತ್ತಲಿನ ನಳಕ್ಕೆ ಅದಕ್ಕಿಂತ ಮೊದಲೇ ಟೀ ಕೊಡಿಸಿ. ಸಾಫ್ಟ್‌ನರ್ ಸುಣ್ಣ ತೆಗೆದು ಸೋಡಿಯಂ ಬಿಡುತ್ತದೆ, ಎರೆಯನ್ನು ಕಲ್ಲಿನಂತೆ ಮಾಡುವುದು ಅದೇ. ವಾಷಿಂಗ್ ಮಷೀನಿನ ನೀರೂ ಇದೇ ಜಾತಿ. ಅಡುಗೆಮನೆಯ ತೊಳೆದ ನೀರು ಬೇಕಾದರೆ ಕಂಪೌಂಡ್ ಗೋಡೆ ಮರೆಯಲ್ಲಿ ಹಚ್ಚಿದ ಬಾಳೆಗೆ ಬಿಡಿ.

ಮೊದಲ ವರ್ಷವೇ ಹೊಸ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಯೂರಿಯಾ ಚೆಲ್ಲಬೇಡಿ. ಅದು ಕಬ್ಬಿಣದ ಕೊರತೆ, ಮಲ್ಲಿಗೆ ನಿಂಬೆಗಳಲ್ಲಿ ಮೊದಲು ಕಾಣುತ್ತದೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮಣ್ಣಿಗೆ ಹಾಕಿದರೆ ಸುಣ್ಣದಲ್ಲಿ ಸೇರಿ ವ್ಯರ್ಥ. ಮಣ್ಣಿಗೇ ಕೊಡಬೇಕೆಂದರೆ ಇಡಿಡಿಎಚ್‌ಎ ರೂಪದ ಕಬ್ಬಿಣ ಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ ಕಬ್ಬಿಣ ಈ ಪಿಎಚ್‌ನಲ್ಲಿ ಗಿಡಕ್ಕೆ ಸಿಗುವಂತೆ ಉಳಿಯುವುದಿಲ್ಲ. ಹಳೆಯ ಎಲೆ ಹಳದಿಯಾದರೆ ಮಾತ್ರ ಸಾರಜನಕದ ಕೊರತೆ. ಇಡೀ ಗಿಡ ಜೋತುಬಿದ್ದು ಹಳದಿಯಾದರೆ ಮೊದಲು ಬುಡ ಕೆದರಿ ನೋಡಿ, ನೀರು ನಿಂತಿರುತ್ತದೆ.

ಲಾನ್ ವಿಷಯ. 300 ಚದರಡಿ ಹುಲ್ಲಿಗೆ ಚಳಿಗಾಲದಲ್ಲೇ ದಿನಕ್ಕೆ 140 ಲೀಟರ್ ನೀರು ಬೇಕು, ಅಂದರೆ ನಿಮ್ಮ ಇಡೀ ಕಾಯಿಪಲ್ಲೆಗಿಂತ ಹೆಚ್ಚು. ಅದೂ ಬಿರಿಯುವ ಎರೆಯ ಮೇಲೆ, ಗಡಸು ನೀರಿನಲ್ಲಿ. ಬೇಡ ಎನ್ನುತ್ತೇನೆ. ಹಿತ್ತಲಿನಿಂದ ತೆಗೆದ ಗರಸನ್ನೇ ಅಲ್ಲಿ ನಾಲ್ಕಿಂಚು ಹಾಸಿ ದಮ್ಮಸು ಮಾಡಿ, ಒಂದಡಿ ಅಂತರದಲ್ಲಿ ಫರ್ಸಿ ಇಟ್ಟು, ಅಂಚಿಗೆ ಹೂಗಿಡ ಹಚ್ಚಿ. ಮಕ್ಕಳಿಗೆ ಹಸಿರು ಬೇಕೇ ಬೇಕೆಂದರೆ ತುಳಸಿಕಟ್ಟೆಯ ಸುತ್ತ 40–50 ಚದರಡಿಯಲ್ಲಿ ಕರಕಿ ಬೆಳೆಸಿ, ಗಣಪತಿ ಹಬ್ಬಕ್ಕೂ ಆಯಿತು. ಆದರೆ ಸುತ್ತ ಆರಿಂಚು ಆಳಕ್ಕೆ ಟೈಲ್ಸ್ ತುಂಡು ನಿಲ್ಲಿಸಿ, ಇಲ್ಲದಿದ್ದರೆ ಅದು ಹೂವಿನ ಮಡಿಗೆ ನುಗ್ಗುತ್ತದೆ.